ಮೂರು ಲೈಟಿನ ಕಿಟ್ ಬೇಡ, ಒಂದು ಫ್ಲಾಶ್ ಸಾಕು

ಮಾನ್ಯ ಸಂಪಾದಕರೇ,

ಹೋದ ತಿಂಗಳು ಒಂದು ಮಧ್ಯಾಹ್ನ ನಮ್ಮ ಸ್ಟುಡಿಯೋಗೆ ಒಬ್ಬ ಹುಡುಗ ಬಂದ. ಡಿಗ್ರಿ ಮುಗಿಸಿ ಎರಡು ವರ್ಷ ಆಗಿದೆ, ಮದುವೆ ಸೀಸನ್ನಿನಲ್ಲಿ ಬೇರೆ ಫೋಟೋಗ್ರಾಫರ್‌ಗಳ ಜೊತೆ ಅಸಿಸ್ಟೆಂಟ್ ಆಗಿ ಓಡಾಡಿದ್ದಾನೆ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದಿದೆ. ಈಗ ಊರಲ್ಲೇ ಸ್ವಂತದ್ದು ಶುರು ಮಾಡಬೇಕು ಅಂತ ಆಸೆ. ಮುದ್ರಾ ಯೋಜನೆಯ ಶಿಶು ಸಾಲಕ್ಕೆ ಅರ್ಜಿ ಹಾಕಲು ಅಂಗಡಿಯಿಂದ ಕೊಟೇಶನ್ ಬರೆಸಿಕೊಂಡು ಬಂದಿದ್ದ. "ಅಣ್ಣಾ, ಬ್ಯಾಂಕಿಗೆ ಕೊಡೋಕ್ಕೆ ಮುಂಚೆ ನೀವೊಂದ್ಸಲ ನೋಡಿ" ಅಂತ ಕೈಗೆ ಕೊಟ್ಟ. ಶಿಶು ಸಾಲ ಸಿಗುವುದೇ 50,000 ರೂಪಾಯಿ ತನಕ. ಆ ಹಾಳೆಯಲ್ಲಿ ಎರಡನೇ ಸಾಲಿನಲ್ಲೇ "ಸ್ಟುಡಿಯೋ ಲೈಟ್ ಕಿಟ್, 3 ಲೈಟ್, ಸಾಫ್ಟ್‌ಬಾಕ್ಸ್ ಸಮೇತ" ಎಂದಿತ್ತು. (ಸಾಫ್ಟ್‌ಬಾಕ್ಸ್ ಅಂದರೆ ಲೈಟಿನ ಬೆಳಕನ್ನು ಮೃದು ಮಾಡುವ ಬಟ್ಟೆಯ ಪೆಟ್ಟಿಗೆ.) ಅದರ ಮುಂದೆ 31,500 ರೂಪಾಯಿ.

ಅಂದರೆ ಸಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಲೈಟಿಗೆ. ಒಂದು ಲೈಟನ್ನೂ ಸರಿಯಾಗಿ ಬಳಸಿ ಗೊತ್ತಿಲ್ಲದವನಿಗೆ ಒಂದೇ ಸಲ ಮೂರು.

ಈ ಪತ್ರ ಬರೆಯುವುದಕ್ಕೆ ಆ ಒಂದು ಸಾಲೇ ಕಾರಣ. ತಿಪಟೂರಿನಲ್ಲಿ ಇಪ್ಪತ್ತು ವರ್ಷದಿಂದ ಸಣ್ಣ ಸ್ಟುಡಿಯೋ ನಡೆಸುತ್ತಿದ್ದೇನೆ. ಇಂಥ ಕೊಟೇಶನ್ ಹಿಡಿದು ಬಂದವರಲ್ಲಿ ಇವನು ಮೊದಲನೆಯವನಲ್ಲ. ನಿಮ್ಮ ಪತ್ರಿಕೆ ನಮ್ಮ ಕಡೆ ಹಳ್ಳಿ ಹಳ್ಳಿಗೂ ಹೋಗುತ್ತದೆ, ಸಾಲ ಮಾಡಿ ಕ್ಯಾಮೆರಾ ಕೈಗೆತ್ತಿಕೊಳ್ಳುವ ಹುಡುಗರೂ ಹುಡುಗಿಯರೂ ಓದುತ್ತಾರೆ. ಅವರಿಗೆ ತಲುಪಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. 2012ರಲ್ಲಿ ನಾನೂ ಇಂಥದ್ದೇ ಕಿಟ್ ತಂದಿದ್ದೆ, ಕಂತಿನ ಮೇಲೆ. ಸಾಫ್ಟ್‌ಬಾಕ್ಸಿನ ಒಳಗೆ ಮಡಕೆ ಗಾತ್ರದ ಸಿಎಫ್‌ಎಲ್ ಬಲ್ಬು ಇರುವಂಥದ್ದು. ಹಾಕಿದಾಗ ರೂಮು ಬೆಳ್ಳಗೆ ಹೊಳೆಯಿತು, ಖುಷಿಯಾಯಿತು. ವಾರದೊಳಗೆ ಒಂದು ಕುಟುಂಬ ಫೋಟೋಗೆ ಬಂದರು. ತಾಯಿ ಉಟ್ಟಿದ್ದು ಕುಂಕುಮ ಬಣ್ಣದ ರೇಷ್ಮೆ ಸೀರೆ, ಮಡಿಲಲ್ಲಿ ಒಂಬತ್ತು ತಿಂಗಳ ಮಗು. ಕಣ್ಣಿಗೆ ಅಷ್ಟೊಂದು ಬೆಳಕು ಕಂಡರೂ ಕ್ಯಾಮೆರಾಗೆ ಅದು ಸಾಲಲಿಲ್ಲ, ಶಟರ್ ಸ್ಪೀಡ್ 1/60 ಸೆಕೆಂಡಿಗೆ ಇಳಿಸಬೇಕಾಯಿತು, ಅಂದರೆ ಕ್ಯಾಮೆರಾದ ಬಾಗಿಲನ್ನು ಜಾಸ್ತಿ ಹೊತ್ತು ತೆರೆದಿಡಬೇಕಾಯಿತು. ಮಗು ಕೈ ಆಡಿಸಿದ್ದೆಲ್ಲಾ ಕಲಸಿಹೋಯಿತು. ಸೀರೆಯಂತೂ ಪ್ರಿಂಟಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಆ ತಾಯಿ ಫೋಟೋ ಹಿಡಿದು ತುಂಬಾ ಹೊತ್ತು ನೋಡಿದರು. "ಇದು ನಮ್ಮಮ್ಮ ಕೊಟ್ಟ ಸೀರೆ, ಈ ಬಣ್ಣ ಅಲ್ವಲ್ಲಾ" ಅಂದರು. ದುಡ್ಡು ವಾಪಸ್ ಕೊಟ್ಟೆ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅವತ್ತು ಏನು ತಪ್ಪಾಯಿತು ಅನ್ನುವುದು ಅರ್ಥವಾದರೆ ಲೈಟ್ ಕೊಳ್ಳುವ ವಿಷಯದಲ್ಲಿ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಒಂದು, ವಾಟ್ ಬೇರೆ, ವಾಟ್-ಸೆಕೆಂಡ್ ಬೇರೆ. ಅಂಗಡಿಯವರು 60 ವಾಟ್ ಎಲ್‌ಇಡಿ, 100 ವಾಟ್ ಎಲ್‌ಇಡಿ ಎನ್ನುತ್ತಾರೆ. 60 ವಾಟ್ ಲೈಟು ಒಂದು ಪೂರ್ತಿ ಸೆಕೆಂಡ್ ಉರಿದರೆ ಖರ್ಚಾಗುವುದು 60 ವಾಟ್-ಸೆಕೆಂಡ್. ಆದರೆ ನಾವು ಶಟರ್ ತೆರೆಯುವುದು ಒಂದು ಸೆಕೆಂಡ್ ಅಲ್ಲ, 1/125 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಆ ಲೈಟಿನಿಂದ ಫೋಟೋಗೆ ದಕ್ಕುವುದು ಅರ್ಧ ವಾಟ್-ಸೆಕೆಂಡಿಗಿಂತಲೂ ಕಮ್ಮಿ. ಕ್ಯಾಮೆರಾ ತಲೆಯ ಮೇಲೆ ಕೂರುವ ಸಾಮಾನ್ಯ ಫ್ಲಾಶ್ ಇದೆಯಲ್ಲಾ, ನಾಲ್ಕು ಪೆನ್ಸಿಲ್ ಸೆಲ್ಲಿನದು, ಅದು ಫುಲ್ ಪವರ್‌ನಲ್ಲಿ ಅಂದಾಜು 60-70 ವಾಟ್-ಸೆಕೆಂಡಿನಷ್ಟನ್ನು ಒಂದೇ ಮಿಂಚಿನಲ್ಲಿ ಸುರಿದುಬಿಡುತ್ತದೆ. ಎಲ್‌ಇಡಿ ಕರೆಂಟನ್ನು ಬೆಳಕು ಮಾಡುವುದರಲ್ಲಿ ಚುರುಕು ಅನ್ನುವುದು ನಿಜ, ಆದರೂ ಇಷ್ಟು ದೊಡ್ಡ ಅಂತರ ಅದರಿಂದ ಮುಚ್ಚುವುದಿಲ್ಲ. ಅಂಗೈ ಉದ್ದದ ಫ್ಲಾಶ್ ಮುಂದೆ ಆಳೆತ್ತರದ ಸಾಫ್ಟ್‌ಬಾಕ್ಸ್ ಸೋಲುವುದು ಇಲ್ಲೇ. ಆ ಮಿಂಚು ಇರುವುದೇ ಬಹಳ ಕಮ್ಮಿ ಹೊತ್ತು, ಹಾಗಾಗಿ ಮಗು ಕೈ ಬೀಸಿದರೂ ಫ್ಲಾಶಿನಲ್ಲಿ ಬೆರಳು ಬೆರಳೂ ನಿಂತ ಹಾಗೆ ಬರುತ್ತದೆ. ಪವರ್ ಇಳಿಸಿದಷ್ಟೂ ಆ ಮಿಂಚಿನ ಹೊತ್ತು ಇನ್ನೂ ಕಮ್ಮಿಯಾಗುತ್ತದೆ.

ಎರಡು, ಬಣ್ಣ. ಲೈಟಿನ ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವುದಕ್ಕೆ ಕೊಡುವ ಅಂಕ ಅದು, 100 ಅಂದರೆ ಪೂರ್ತಿ ಅಂಕ. 95ರ ಮೇಲಿದ್ದರೆ ಮುಖಕ್ಕೆ, ಸೀರೆಗೆ ನಂಬಬಹುದು. ಸಂಖ್ಯೆಯೇ ಬರೆಯದ ಲೈಟನ್ನು ಮುಟ್ಟಲೇಬೇಡಿ. ಅಗ್ಗದ ಬಲ್ಬುಗಳು ಸಾಮಾನ್ಯವಾಗಿ ಸೋಲುವುದೇ ಕೆಂಪಿನಲ್ಲಿ. ನಮ್ಮಲ್ಲಿ ಮದುವೆ, ಸೀಮಂತ, ನಾಮಕರಣ ಅಂದರೆ ಕುಂಕುಮ, ಅರಿಶಿನ, ಕೆಂಪು ಸೀರೆ, ಬಂಗಾರ. ಕೆಂಪು ಕೆಟ್ಟರೆ ಎಲ್ಲಾ ಕೆಟ್ಟ ಹಾಗೆ. ಫ್ಲಾಶಿನ ಬೆಳಕು ಹೆಚ್ಚುಕಮ್ಮಿ ಹಗಲು ಬೆಳಕಿನ ಬಣ್ಣದ್ದೇ, ಸುಮಾರು 5600 ಕೆಲ್ವಿನ್. ಹಾಗಾಗಿ ಕಿಟಕಿ ಬೆಳಕಿನ ಜೊತೆಗೂ ಹೊಂದಿಕೊಳ್ಳುತ್ತದೆ. ರೂಮಿನ ಟ್ಯೂಬ್‌ಲೈಟ್ ಮಾತ್ರ ಆರಿಸಿಬಿಡಿ.

ಹಾಗಂತ ಎಲ್‌ಇಡಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನೀವು ಮಾಡುವುದು ರೀಲ್ಸ್, ಅಡುಗೆ ವಿಡಿಯೋ, ಪಾಠದ ವಿಡಿಯೋ ಆದರೆ ಫ್ಲಾಶಿನಿಂದ ಏನೂ ಉಪಯೋಗವಿಲ್ಲ, ಒಂದು ಒಳ್ಳೆಯ ಎಲ್‌ಇಡಿಯೇ ಬೇಕು. ಮೊಬೈಲಿನಲ್ಲೇ ಫೋಟೋ ತೆಗೆಯುವವರಿಗೂ ಅದೇ ಸರಿ. ವಿಡಿಯೋ ಮಾಡುವಾಗ ಶಟರ್ 1/50 ಅಥವಾ 1/100 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಬೇರೆ ಶಟರ್ ಇಟ್ಟರೆ ವಿಡಿಯೋದಲ್ಲಿ ಪಟ್ಟೆ ಪಟ್ಟೆ ಹರಿಯುತ್ತದೆ. ಆದರೆ ನಮ್ಮ ಹುಡುಗ ಮಾಡಬೇಕೆಂದಿದ್ದು ಫೋಟೋ. ಪಾಸ್‌ಪೋರ್ಟ್ ಸೈಜು, ಮಕ್ಕಳ ಫೋಟೋ, ಫ್ಯಾಮಿಲಿ, ಆಮೇಲೆ ಇಲ್ಲಿ ಆನ್‌ಲೈನಿನಲ್ಲಿ ಕೊಬ್ಬರಿ, ಎಣ್ಣೆ, ಹಪ್ಪಳ ಮಾರುವವರ ಸಾಮಾನಿನ ಫೋಟೋ. ಅದಕ್ಕೆ ಫ್ಲಾಶೇ.

ಆ ಮಧ್ಯಾಹ್ನ ಅವನನ್ನು ಹಾಗೇ ಕಳಿಸಲಿಲ್ಲ. ನನ್ನ ಹತ್ತಿರ ಇರುವ ಗೋಡಾಕ್ಸ್ ಟಿಟಿ600 ಫ್ಲಾಶ್, ಒಂದು ಟ್ರಿಗರ್ (ಕ್ಯಾಮೆರಾ ಮೇಲೆ ಕೂತು, ದೂರದ ಫ್ಲಾಶನ್ನು ಹೊಡೆಸುವ ರಿಮೋಟ್), ಒಂದು ಸ್ಟ್ಯಾಂಡ್, ಬೆಳಕು ಹರಡುವ 40 ಇಂಚಿನ ಬಿಳಿ ಅಂಬ್ರೆಲಾ, ಇಷ್ಟು ಹೊರಗೆ ತೆಗೆದೆ. ಟಿಟಿ600ನಲ್ಲಿ ಎಲ್ಲಾ ಕೈಯಲ್ಲೇ ತಿರುಗಿಸಿ ಇಡಬೇಕು, ಆಟೋಮ್ಯಾಟಿಕ್ ಲೆಕ್ಕ ಇಲ್ಲ. ಕಲಿಯುವವನಿಗೆ ಅದೇ ಒಳ್ಳೆಯದು. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಒಳಗೇ ಇರುವುದರಿಂದ ಅದಕ್ಕೆ ಬೇರೆ ದುಡ್ಡು ಹಾಕಬೇಕಿಲ್ಲ. ಅದೇ ಕಂಪನಿಯದ್ದೇ ಆಗಬೇಕು ಅಂತೇನಿಲ್ಲ, ಕೈಯಲ್ಲಿ ಪವರ್ ಇಳಿಸಿ ಏರಿಸಲು ಬರುವ, ರಿಸೀವರ್ ಒಳಗೇ ಇರುವ ಯಾವುದಾದರೂ ಆಗುತ್ತದೆ.

ಅವನು ಕ್ಯಾಮೆರಾ ಹಿಡಿದು ಮೊದಲ ಫೋಟೋ ತೆಗೆದ. ಕೆಳಗಿನ ಅರ್ಧ ಕಪ್ಪು! "ಅಣ್ಣಾ, ಫ್ಲಾಶ್ ಕೆಟ್ಟಿದೆ" ಅಂದ. ಶಟರ್ ನೋಡಿದೆ, 1/500ರಲ್ಲಿ ಇತ್ತು. ಶಟರಿಗೆ ಎರಡು ಪರದೆ. ಸ್ಪೀಡ್ ಜಾಸ್ತಿ ಆದರೆ ಒಂದು ಪೂರ್ತಿ ತೆರೆಯುವ ಮುಂಚೆಯೇ ಇನ್ನೊಂದು ಮುಚ್ಚಿಕೊಂಡು ಬರುತ್ತದೆ, ಮಿಂಚು ಬಂದಾಗ ಪರದೆ ಅಡ್ಡ ಇರುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ 1/200 ಇಲ್ಲವೇ 1/250ಕ್ಕೆ ಮಿತಿ. 1/160ಕ್ಕೆ ಇಳಿಸಿದ, ಸರಿಹೋಯಿತು. ಎಷ್ಟೋ ಜನ ಈ ಒಂದು ವಿಷಯ ತಿಳಿಯದೆ ಫ್ಲಾಶನ್ನು ಅಂಗಡಿಗೆ ವಾಪಸ್ ತೆಗೆದುಕೊಂಡು ಹೋಗಿದ್ದನ್ನು ನೋಡಿದ್ದೇನೆ.

ಆಮೇಲೆ ಸ್ಟ್ಯಾಂಡನ್ನು ಆರು ಅಡಿ ದೂರ ಇಟ್ಟ. ಎಲ್ಲರೂ ಮಾಡುವುದೇ ಹಾಗೆ, ಲೈಟ್ ಫ್ರೇಮಿನಲ್ಲಿ ಬರಬಾರದು ಅಂತ ದೂರ ತಳ್ಳುತ್ತಾರೆ. ಮೂರು ಅಡಿಗೆ ತಾ ಅಂದೆ. ದೂರ ಅರ್ಧ ಆದರೆ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಫ್ಲಾಶಿನ ಪವರ್ ನಾಲ್ಕನೇ ಒಂದಕ್ಕೆ ಇಳಿಸಬಹುದು, ಸೆಲ್ ಉಳಿಯುತ್ತದೆ, ಮುಂದಿನ ಫೋಟೋಗೆ ಬೇಗ ತಯಾರಾಗುತ್ತದೆ. ಅದಕ್ಕಿಂತ ಮುಖ್ಯ, ಹತ್ತಿರ ಬಂದ ಅಂಬ್ರೆಲಾ ಮುಖಕ್ಕೆ ದೊಡ್ಡದಾಗಿ ಕಾಣುತ್ತದೆ. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಮೃದು. ದುಬಾರಿ ಲೈಟಿನಿಂದ ಮೃದು ಬೆಳಕು ಬರುತ್ತದೆ ಅಂತ ಅವನು ತಿಳಿದಿದ್ದ. ಆರು ಅಡಿ, ಮೂರು ಅಡಿ, ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ಮೂಗಿನ ನೆರಳು ತೋರಿಸಿದೆ. ಮೊದಲನೆಯದರಲ್ಲಿ ಚಾಕುವಿನಿಂದ ಕೊಯ್ದ ಹಾಗಿತ್ತು. ಎರಡನೆಯದರಲ್ಲಿ ನೆರಳು ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ.

ಮುಖದ ಇನ್ನೊಂದು ಬದಿ ಕಪ್ಪಾಗಿತ್ತು. ಅದಕ್ಕೆ ಎರಡನೇ ಲೈಟ್ ಬೇಕಲ್ವಾ ಅಂದ. ಮೂಲೆಯಲ್ಲಿದ್ದ ಥರ್ಮಾಕೋಲ್ ಹಾಳೆ ತಂದು ಆ ಬದಿಗೆ ನಿಲ್ಲಿಸಿದೆ. ಅಷ್ಟೇ, ಕಪ್ಪು ಹೋಯಿತು. ಹಾಳೆ ಹತ್ತಿರ ತಂದರೆ ಜಾಸ್ತಿ ಬೆಳಕು, ದೂರ ಸರಿಸಿದರೆ ಕಮ್ಮಿ. ಅವನ ಕೊಟೇಶನ್ನಿನಲ್ಲಿದ್ದ ಎರಡನೇ ಲೈಟಿನ ಕೆಲಸವನ್ನು ಸ್ಟೇಷನರಿ ಅಂಗಡಿಯ ಹಾಳೆ ಮಾಡಿತು. ಮೂರನೇ ಲೈಟು ಇರುವುದು ಹಿಂದಿನ ಗೋಡೆಯ ಮೇಲಿನ ನೆರಳು ತೆಗೆಯಲು. ಆಳನ್ನು ಗೋಡೆಯಿಂದ ನಾಲ್ಕು ಅಡಿ ಮುಂದೆ ಕೂರಿಸಿ, ಲೈಟನ್ನು ಸ್ವಲ್ಪ ಮೇಲೆತ್ತಿದರೆ ನೆರಳು ಕೆಳಗೆ ಹೋಗಿ ಫ್ರೇಮಿನಿಂದಲೇ ಆಚೆ ಬೀಳುತ್ತದೆ. ಕನ್ನಡಕದ ಹೊಳಪೂ ಹಾಗೇ ಹೋಗುತ್ತದೆ.

ಕೊಬ್ಬರಿ ಫೋಟೋಗೂ ಕೂರಿಸಿದೆ ಅವನನ್ನು. ಉಂಡೆ ಕೊಬ್ಬರಿಯನ್ನು ಎದುರಿನಿಂದ ಫ್ಲಾಶ್ ಹೊಡೆದು ತೆಗೆದರೆ ಮರದ ಚೆಂಡಿನ ಹಾಗೆ ಕಾಣುತ್ತದೆ, ಸತ್ವವೇ ಇಲ್ಲ. ಅದೇ ಅಂಬ್ರೆಲಾವನ್ನು ಪಕ್ಕಕ್ಕೆ, ಮೇಜಿನ ಮಟ್ಟಕ್ಕೆ ಇಳಿಸಿದಾಗ ಕಂದು ಸಿಪ್ಪೆಯ ಸುಕ್ಕು ಒಂದೊಂದೂ ಎದ್ದು ಬಂತು. ಒಡೆದ ಹೋಳಿನ ಒಳಗಿನ ಎಣ್ಣೆಯ ಪಸೆ ಮಿನುಗಿತು. ನೋಡಿದ ಕೂಡಲೇ ವಾಸನೆ ಬಂದ ಹಾಗಿತ್ತು. ಚನ್ನಪಟ್ಟಣದ ಬೊಂಬೆ, ಹಿತ್ತಾಳೆ ದೀಪ ಇಂಥ ಹೊಳೆಯುವ ಸಾಮಾನಿಗೆ ಮಾತ್ರ ಬೇರೆ ಉಪಾಯ ಬೇಕು. ಅವು ಬೆಳಕಿನ ಆಕಾರವನ್ನೇ ಕನ್ನಡಿಯ ಹಾಗೆ ತೋರಿಸುತ್ತವೆ. ಅಂಬ್ರೆಲಾದ ಕಡ್ಡಿ ಕೂಡ ಕಾಣುತ್ತದೆ. ಫ್ಲಾಶ್ ಮುಂದೆ ಬಟರ್ ಪೇಪರ್ ಅಗಲವಾಗಿ ಕಟ್ಟಿ, ಅದರ ಹಿಂದಿನಿಂದ ಬೆಳಕು ಬಿಡಿ.

ಇನ್ನು ಖರ್ಚೇ ಇಲ್ಲದ ಲೈಟು ಇದ್ದೇ ಇದೆ, ಕಿಟಕಿ. ಕಿಟಕಿಗೆ ಒಂದು ಒಗೆದ ಬಿಳಿ ಪಂಚೆ ಕಟ್ಟಿದರೆ ಯಾವ ಸಾಫ್ಟ್‌ಬಾಕ್ಸಿಗೂ ಕಮ್ಮಿ ಇಲ್ಲ. ಹೊರದೇಶದವರ ವಿಡಿಯೋ ನೋಡಿದರೆ ಉತ್ತರದ ಕಿಟಕಿ ಹುಡುಕಿ, ಅಲ್ಲಿ ವರ್ಷವಿಡೀ ನೇರ ಬಿಸಿಲು ಬೀಳುವುದಿಲ್ಲ ಅಂತ ಹೇಳುತ್ತಾರೆ. ಅದು ಅವರ ಊರಿಗೆ ಹೆಚ್ಚುಕಮ್ಮಿ ಸರಿ. ನಮ್ಮ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಶೂನ್ಯ ನೆರಳಿನ ದಿನ ಬರುವುದೂ ಇದೇ ಕಾರಣಕ್ಕೆ. ಹಾಗಾಗಿ ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ, ಪಂಚೆ ಅಲ್ಲೂ ಬೇಕು. ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ ಅವರು 1959ರ 'ಕಾಗಜ್ ಕೆ ಫೂಲ್' ಚಿತ್ರದ ಆ ಹೆಸರಾದ ಬೆಳಕಿನ ಕೋಲನ್ನು ಹೊರಗಿನ ಬಿಸಿಲಿಗೆ ದೊಡ್ಡ ಕನ್ನಡಿ ಹಿಡಿದು ಸ್ಟುಡಿಯೋ ಒಳಗೆ ತಂದಿದ್ದು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಇದನ್ನು ಹುಡುಗನಿಗೆ ಹೇಳಿದಾಗ ಅವನು ಹೊರಗೆ ಹೋಗಿ ನಮ್ಮ ಅಂಗಳದ ಬಿಸಿಲನ್ನು ನೋಡಿಕೊಂಡು ನಿಂತ.

ಗೋಡೆಯ ಬಣ್ಣವನ್ನೂ ನೋಡಿಕೊಳ್ಳಿ. ಊರುಗಳಲ್ಲಿ ಬಾಡಿಗೆ ಮಳಿಗೆ ಅಂದರೆ ಹಸಿರೋ ಗುಲಾಬಿಯೋ ಬಳಿದಿರುತ್ತಾರೆ. 10ಕ್ಕೆ 12 ಅಡಿ ರೂಮಿನಲ್ಲಿ ಫ್ಲಾಶಿನ ಬೆಳಕು ಗೋಡೆಗೆ ಬಡಿದು ಆ ಬಣ್ಣ ಹೊತ್ತು ಮುಖಕ್ಕೆ ಬರುತ್ತದೆ. ಯಾವ ದುಬಾರಿ ಲೈಟೂ ಇದನ್ನು ಸರಿ ಮಾಡಲ್ಲ. ಒಂದು ಡಬ್ಬಿ ಬಿಳಿ ಡಿಸ್ಟೆಂಪರ್ ಮಾಡುತ್ತದೆ.

ಕೊಳ್ಳುವಾಗ ಮೋಸ ಹೋಗುವ ಜಾಗಗಳನ್ನೂ ಹೇಳುತ್ತೇನೆ. ಡಬ್ಬಿಯ ಮೇಲೆ ಗೈಡ್ ನಂಬರ್, ಅಂದರೆ ಫ್ಲಾಶಿನ ಶಕ್ತಿ ಹೇಳುವ ಸಂಖ್ಯೆ, 60 ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಫ್ಲಾಶನ್ನು 200 ಎಂಎಂ ಜೂಮಿಗಿಟ್ಟು ಬೆಳಕನ್ನು ಕಿರಿದಾಗಿ ಕಟ್ಟಿ ಅಳೆದಿದ್ದು. ಅಂಬ್ರೆಲಾ ಒಳಗೆ ಹೋದ ಮೇಲೆ ಅಷ್ಟು ಉಳಿಯುವುದಿಲ್ಲ. ಹಾಗಾಗಿ ಆ ಸಂಖ್ಯೆ ನೋಡಿ ಇದೇ ಜಾಸ್ತಿ, ಅದು ಕಮ್ಮಿ ಅಂತ ತೀರ್ಮಾನಿಸಬೇಡಿ. ಟ್ರಿಗರ್ ಕೊಳ್ಳುವಾಗ ನಿಮ್ಮ ಕ್ಯಾಮೆರಾ ಯಾವ ಕಂಪನಿಯದು ಅಂತ ಹೇಳಿಯೇ ಕೇಳಿ, ಕ್ಯಾನನ್‌ನದು ನಿಕಾನಿಗೆ ಹೊಂದುವುದಿಲ್ಲ. ಅಟ್ಟದ ಮೇಲಿರುವ ಮಾವನ ಕಾಲದ ಫ್ಲಾಶನ್ನು ಡಿಜಿಟಲ್ ಕ್ಯಾಮೆರಾ ಮೇಲೆ ಸಿಕ್ಕಿಸಲೇಬೇಡಿ. ಹಳೆಯ ಕೆಲವು ಫ್ಲಾಶುಗಳ ಕಾಲಿನಲ್ಲಿ 200 ವೋಲ್ಟ್‌ಗೂ ಜಾಸ್ತಿ ಇರುತ್ತದೆ, ಕ್ಯಾಮೆರಾ ಸುಟ್ಟುಹೋಗಬಹುದು. ಯಾವ ಫ್ಲಾಶನ್ನೂ ಬಿಚ್ಚಬೇಡಿ. ಸೆಲ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ಕರೆಂಟು ಕೂತಿರುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಮುಂದಿನ ಗಾಜಿನ ಒಳಗಿರುವ ಟ್ಯೂಬನ್ನು ನೋಡಿ, ತುದಿ ಕಪ್ಪಾಗಿದ್ದರೆ ಚೆನ್ನಾಗಿ ದುಡಿದಿದೆ ಅಂತ ಅರ್ಥ. ಫುಲ್ ಪವರ್‌ನಲ್ಲಿ ಹತ್ತು ಸಲ ನಿಧಾನವಾಗಿ ಬಿಟ್ಟು ಬಿಟ್ಟು ಹೊಡೆಸಿ, ಪ್ರತಿ ಸಲ ಎಷ್ಟು ಹೊತ್ತಿಗೆ ತಯಾರಾಗುತ್ತದೆ ಎಣಿಸಿ. ಮುಂದೆ ದುಡಿಮೆ ಕೈಹತ್ತಿ, ಕರೆಂಟಿನಲ್ಲಿ ನಡೆಯುವ ದೊಡ್ಡ ಸ್ಟುಡಿಯೋ ಫ್ಲಾಶ್ ತೆಗೆದುಕೊಳ್ಳುವ ಕಾಲ ಬಂದಾಗ ಬೋವನ್ಸ್ ಮೌಂಟ್ (ಸಾಫ್ಟ್‌ಬಾಕ್ಸ್ ಸಿಕ್ಕಿಸಲು ಲೈಟಿನ ಮುಂದಿರುವ, ಬೋವನ್ಸ್ ಕಂಪನಿಯ ಮಾದರಿಯ ಜೋಡಣೆ) ಇರುವುದನ್ನೇ ಕೇಳಿ. ಆ ಬ್ರಿಟಿಷ್ ಕಂಪನಿ 2017ರಲ್ಲಿ ಬಾಗಿಲು ಹಾಕಿತು, ಆದರೆ ಅದರ ಮೌಂಟನ್ನು ಹತ್ತಾರು ಕಂಪನಿಗಳು ಇವತ್ತಿಗೂ ಬಳಸುತ್ತಿವೆ. ಇವತ್ತು ಕೊಂಡ ಸಾಫ್ಟ್‌ಬಾಕ್ಸ್ ನಾಳೆ ಬೇರೆ ಲೈಟಿಗೂ ಕೂರುತ್ತದೆ.

ಮತ್ತೆ ಸ್ಟ್ಯಾಂಡು. ಇದರಲ್ಲಿ ಮಾತ್ರ ಜುಗ್ಗತನ ಬೇಡ. ಅಂಬ್ರೆಲಾ ಹಾಕಿದ ಸ್ಟ್ಯಾಂಡು ಫ್ಯಾನಿನ ಗಾಳಿಗೂ ವಾಲುತ್ತದೆ, ನಾಮಕರಣದ ಮನೆಯಲ್ಲಿ ಮಕ್ಕಳು ಓಡಾಡುವಾಗ ನನ್ನ ಎದೆ ಡವಗುಟ್ಟುತ್ತಿರುತ್ತದೆ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮರಳು ತುಂಬಿ ಅದರೊಳಗಿಟ್ಟು, ಎರಡೂ ಕಡೆ ಹೊಲಿಸಿ ಸ್ಟ್ಯಾಂಡಿನ ಕಾಲ ಮೇಲೆ ಹಾಕುತ್ತೇನೆ. ಐದು ಕೆಜಿ ತೂಕ, ಅಲುಗಾಡಲ್ಲ.

ಸಂಪಾದಕರೇ, ಒಂದು ವಿನಂತಿಯೂ ಇದೆ. ಸಾಲದ ಅರ್ಜಿ ನೋಡುವ ಬ್ಯಾಂಕಿನವರಿಗೆ ಫೋಟೋಗ್ರಫಿ ಗೊತ್ತಿರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಲೈಟಿಗೇ ಅರ್ಧ ಸಾಲ ಹೋಗುತ್ತಿರುವ ಕೊಟೇಶನ್ ಕಂಡಾಗ "ಇಷ್ಟೂ ಈಗಲೇ ಬೇಕಾ?" ಅಂತ ಒಂದು ಮಾತು ಕೇಳಲಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್, ಅದರ ಮಾದರಿಯಲ್ಲೇ ಜಿಲ್ಲೆ ಜಿಲ್ಲೆಗಳಲ್ಲಿ ಬಂದ ತರಬೇತಿ ಸಂಸ್ಥೆಗಳು ಹಳ್ಳಿಯ ಯುವಕರಿಗೆ ಫೋಟೋಗ್ರಫಿಯನ್ನೂ ಕಲಿಸುತ್ತವೆ, ಎಷ್ಟೋ ಮನೆಗೆ ಅನ್ನ ಕೊಟ್ಟಿವೆ. ಅಲ್ಲಿ ಒಂದು ಪೂರ್ತಿ ದಿನವನ್ನು ಒಂದು ಫ್ಲಾಶ್, ಒಂದು ಅಂಬ್ರೆಲಾ, ಒಂದು ಥರ್ಮಾಕೋಲಿಗೇ ಮೀಸಲಿಡಲಿ. ಮಕ್ಕಳು ಅಂಗಡಿಗೆ ಹೋಗುವ ಮುಂಚೆ ತಮಗೆ ಏನು ಬೇಕು, ಏನು ಬೇಡ ಅನ್ನುವುದನ್ನು ತಿಳಿದುಕೊಂಡು ಹೋಗುತ್ತಾರೆ.

ನಮ್ಮ ಹುಡುಗ ಮುಂದಿನ ವಾರ ಹೊಸ ಕೊಟೇಶನ್ ತಂದು ತೋರಿಸಿದ. ಫ್ಲಾಶ್ 6,800, ಟ್ರಿಗರ್ 3,200, ಸ್ಟ್ಯಾಂಡ್ 1,200, ಅಂಬ್ರೆಲಾ 600, ಅದನ್ನು ಸಿಕ್ಕಿಸುವ ಬ್ರಾಕೆಟ್ 500, ಚಾರ್ಜ್ ಮಾಡುವ ಎಂಟು ಸೆಲ್ಲು ಚಾರ್ಜರ್ ಸೇರಿ 1,700. ಒಟ್ಟು 14,000 ರೂಪಾಯಿ. ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಉಳಿದ 17,500ರಲ್ಲಿ ಒಂದು 50 ಎಂಎಂ ಲೆನ್ಸ್ ಬರೆಸಿದ್ದ, ಕಿಟಕಿ ಬೆಳಕಿಗೆ ಒಳ್ಳೆಯ ಜೋಡಿ. ಇನ್ನುಳಿದದ್ದನ್ನು ಸಾಲದಿಂದಲೇ ಕಮ್ಮಿ ಮಾಡಿಸಿದ್ದಾನೆ. ಜೇಬಿನಿಂದ ಒಂದು ಪ್ರಿಂಟ್ ತೆಗೆದು ಕೊಟ್ಟ. ಅವನ ಅಜ್ಜಿಯ ಫೋಟೋ, ಅಡುಗೆ ಮನೆ ಕಿಟಕಿಗೆ ಪಂಚೆ ಕಟ್ಟಿ ತೆಗೆದದ್ದು. ಅಜ್ಜಿಯ ಮೂಗುಬೊಟ್ಟು ಹೊಳೆಯುತ್ತಿತ್ತು, ಕೆನ್ನೆಯ ಸುಕ್ಕು ಎಣಿಸುವ ಹಾಗಿತ್ತು, ಕುಂಕುಮ ಕುಂಕುಮದ ಬಣ್ಣಕ್ಕೇ ಇತ್ತು. ಅದನ್ನು ನನ್ನ ಕೌಂಟರಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಇಂತಿ,
ಒಬ್ಬ ಸ್ಟುಡಿಯೋ ಫೋಟೋಗ್ರಾಫರ್,
ತಿಪಟೂರು